ಹದಿನೆಂಟನೇ ಕ್ರಾಸಿನ ಎರಡು ನಿಮಿಷ

ಯಶವಂತಪುರದಲ್ಲಿ ರೈಲಿಳಿದಾಗ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಇದು 2001ರ ಮಳೆಗಾಲ. ನೀವು ತಿಪಟೂರು ಕಡೆಯ ಹುಡುಗಿ, ಹದಿನೇಳು ದಾಟಿದೆ, ಮೈಮೇಲೆ ಯುಗಾದಿಗೆ ಹೊಲಿಸಿದ ಚೂಡಿದಾರ. ಪಕ್ಕದಲ್ಲಿ ಅಪ್ಪ. ಅವರ ಕಂಕುಳಲ್ಲಿರುವ ರೆಕ್ಸಿನ್ ಬ್ಯಾಗಿನೊಳಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು, ತಹಶೀಲ್ದಾರರು ಕೊಟ್ಟ ಜಾತಿ-ಆದಾಯ ಪತ್ರ, ಹತ್ತನೇ ತರಗತಿವರೆಗೂ ಹಳ್ಳಿಯಲ್ಲೇ ಓದಿದ್ದಕ್ಕೆ ಬಿಇಒ ಸಹಿ ಹಾಕಿದ ಪ್ರಮಾಣಪತ್ರ. ಎಲ್ಲದಕ್ಕೂ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ, ಕೊಬ್ಬರಿ ಮಾರಿದ ದುಡ್ಡಿನಲ್ಲಿ ತೆಗೆಸಿದ ಡಿಡಿ. ಅಪ್ಪ ತುಮಕೂರು ದಾಟಿದ ಮೇಲೆ ಆ ಬ್ಯಾಗಿನ ಜಿಪ್ಪನ್ನು ಮುಟ್ಟಿ ಮುಟ್ಟಿ ನೋಡುತ್ತಲೇ ಇದ್ದಾರೆ.

ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿ ಎಂಜಿನಿಯರಿಂಗ್ ಸೀಟು ಹಂಚುವ ಸಿಇಟಿ ಸೆಲ್ ಎಲ್ಲಿ ಅಂತ ಯಾರನ್ನೂ ಕೇಳಬೇಕಿಲ್ಲ, ಜನ ಹೋಗುವ ಕಡೆ ಹೋದರಾಯಿತು. ಬೀದರಿನವರು, ಪುತ್ತೂರಿನವರು, ಚಾಮರಾಜನಗರದವರು ಸಂಪಿಗೆ ರಸ್ತೆಯ ಫುಟ್‌ಪಾತಿನ ಮೇಲೆ ಗುಂಪುಗುಂಪಾಗಿ ನಿಂತಿದ್ದಾರೆ. ಇಲ್ಲಿ ಯಾರೂ ಹೆಸರು ಕೇಳುವುದಿಲ್ಲ. "ನಿಮ್ದೆಷ್ಟು?" ಅಂತಾರೆ. ನಿಮ್ಮದು ನಾಲ್ಕಂಕಿಯ ರ‍್ಯಾಂಕು. ತೀರಾ ಕೆಟ್ಟದ್ದಲ್ಲ, ಬೀಗುವಂಥದ್ದೂ ಅಲ್ಲ. ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿಸಿ ಕಡೆದು ತೆಗೆದ ಅಂಕಿ.

ಈ ಜಾತ್ರೆಯನ್ನು ಬೈಯುವವರು ಬಹಳ ಮಂದಿ. ಅವರು ಅದಕ್ಕೂ ಹಿಂದಿನ ಕಾಲ ಮರೆತಿದ್ದಾರೆ ಅಂತಲೇ ನನ್ನ ಅನುಮಾನ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ರಾಜ್ಯ ಕಾಯ್ದೆ ಮಾಡಿದ್ದು 1984ರಲ್ಲಿ. ಆದರೂ ಖಾಸಗಿ ಕಾಲೇಜುಗಳ ಬಾಗಿಲು ನಿಜಕ್ಕೂ ತೆರೆದದ್ದು ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ತೀರ್ಪು ಕೊಟ್ಟು, ಮರುವರ್ಷ ಕರ್ನಾಟಕದಲ್ಲಿ ಸಿಇಟಿ ಶುರುವಾದ ಮೇಲೆ. ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು. ಎರಡೂ ರ‍್ಯಾಂಕಿನ ಮೇಲೆ. ನಾಲ್ಕು ತೆಂಗಿನ ಗಿಡ ಇಟ್ಟುಕೊಂಡ ಮನೆಯ ಹುಡುಗಿ ಈ ಫುಟ್‌ಪಾತಿನ ಮೇಲೆ ನಿಂತಿರುವುದೇ ಅದರಿಂದ.

ಸಫಾರಿ ತೊಟ್ಟವರೊಬ್ಬರು ಅಪ್ಪನನ್ನು ಮಾತಿಗೆಳೆಯುತ್ತಾರೆ.

"ಯಾವ್ ಬ್ರಾಂಚ್ ಅಂದ್ಕೊಂಡಿದೀರಾ?"

"ಏನೂ ತಿಳೀತಿಲ್ಲ ಸಾರ್. ಯುವಿಸಿಇನಲ್ಲಿ ಸಿವಿಲ್ ಸಿಗಬೌದು ಅಂತಾವ್ರೆ ನಮ್ಮೂರ ಮೇಷ್ಟ್ರು."

"ಸಿವಿಲ್ಲಾ? ಹೆಣ್ಮಗೂಗೆ? ಬಿಸ್ಲಲ್ಲಿ ಗಾರೆಯವರ ಜೊತೆ ಏಗಕ್ಕಾಗುತ್ತಾ ಯಜಮಾನ್ರೇ? ಯಾವ್ದಾದ್ರೂ ಕಾಲೇಜಾಗ್ಲಿ, ಐಎಸ್ ತಗೊಳ್ಳಿ. ಇನ್ಫರ್ಮೇಶನ್ ಸೈನ್ಸು."

ಅವರ ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ ಇದೆ. ಅಮೆರಿಕದಲ್ಲಿ ಡಾಟ್‌ಕಾಂ ಕಂಪನಿಗಳು ಮುಳುಗುತ್ತಿರುವ, ಸಾಫ್ಟ್‌ವೇರಿನವರನ್ನು ಮನೆಗೆ ಕಳಿಸುತ್ತಿರುವ ಸುದ್ದಿ ಈ ವರ್ಷ ಪತ್ರಿಕೆಗಳಿಗೆ ಹೊಸದೇನಲ್ಲ. ಸಲಹೆ ಕೊಡುವವರು ಕ್ರೀಡಾ ಪುಟ ಓದುತ್ತಾರೇನೋ. ಅಪ್ಪ ಮಾತ್ರ ಸುಮ್ಮನಾಗಿಬಿಟ್ಟಿದ್ದಾರೆ. ಸಫಾರಿಯವರ ಇಂಗ್ಲಿಷಿನ ಎದುರು ಊರ ಮೇಷ್ಟರ ಮಾತು ತೂಕ ಕಳೆದುಕೊಳ್ಳುತ್ತಿರುವುದು ಅವರ ಮುಖದಲ್ಲೇ ಕಾಣುತ್ತದೆ.

ಒಳಗೆ ಕರೆದರು. ದಾಖಲೆ ನೋಡಿದವರು ಸೀಲು ಗುದ್ದಿ ಮುಂದಕ್ಕೆ ಕಳಿಸಿದರು. ಹಾಲಿನಲ್ಲಿ ಎಲ್ಲರ ಕತ್ತೂ ಪರದೆಯತ್ತ ಎತ್ತಿದೆ. ಕಾಲೇಜು, ಬ್ರಾಂಚ್, ಉಳಿದ ಸೀಟು. ಜಿಎಂ, 2ಎ, 3ಬಿ ಎಂದು ಕೋಷ್ಟಕಗಳು. ಒಂದಿದ್ದ ಕಡೆ ಸೊನ್ನೆಯಾದಾಗ ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ "ಅಯ್ಯೋ" ಅನ್ನುತ್ತಾಳೆ. ಕಂಪ್ಯೂಟರ್ ಸೈನ್ಸು, ಎಲೆಕ್ಟ್ರಾನಿಕ್ಸು ದೊಡ್ಡ ಕಾಲೇಜುಗಳಲ್ಲಿ ಆಗಲೇ ಖಾಲಿ. ನಿಮ್ಮ ಸರದಿ ಬಂದಾಗ ಎರಡು ಉಳಿದಿವೆ. ಯುವಿಸಿಇನಲ್ಲಿ ಸಿವಿಲ್, ಸರ್ಕಾರಿ ಶುಲ್ಕ. ಹೆದ್ದಾರಿ ಬದಿಯ ಹೊಸ ಕಾಲೇಜೊಂದರಲ್ಲಿ ಐಎಸ್, ಪೇಮೆಂಟ್ ಸೀಟು. ಡಿಡಿ ಪೂರ್ತಿ ಅದಕ್ಕೇ ಹೋಗುತ್ತದೆ.

"ಬೇಗ ಹೇಳಮ್ಮ, ಹಿಂದೆ ಜನ ಇದಾರೆ."

ಅಪ್ಪನ ಮುಖ ನೋಡುತ್ತೀರಿ. "ನಿನ್ನಿಷ್ಟ ಪುಟ್ಟಿ" ಅಂತಾರೆ. ಇಷ್ಟು ಭಾರದ ಮಾತನ್ನು ಅವರು ಇದುವರೆಗೆ ನಿಮಗೆ ಹೇಳಿದ್ದಿಲ್ಲ. ಎರಡು ನಿಮಿಷವೂ ಆಗಿಲ್ಲ, "ಐಎಸ್" ಅಂದುಬಿಟ್ಟಿರಿ. ಪ್ರಿಂಟರ್ ಕಿರುಗುಟ್ಟುತ್ತದೆ.

ಅಲ್ಲೇ ನಿಲ್ಲಿ. ಮುಂದಿನದೆಲ್ಲ ಗೊತ್ತಿದ್ದು ಅದೇ ಕುರ್ಚಿಯಲ್ಲಿ ಮತ್ತೆ ಕೂತರೆ ಏನು ಹೇಳುತ್ತೀರಿ? ಆ ಬ್ಯಾಚು 2005ರಲ್ಲಿ ಹೊರಬರುವ ಹೊತ್ತಿಗೆ ಸಾಫ್ಟ್‌ವೇರ್ ಕಂಪನಿಗಳು ಸಿವಿಲ್, ಮೆಕ್ಯಾನಿಕಲ್ ಅಂತ ನೋಡದೆ ಎಲ್ಲರನ್ನೂ ಆಪ್ಟಿಟ್ಯೂಡ್ ಟೆಸ್ಟಿಗೆ ಕೂರಿಸುತ್ತಿದ್ದವು. ಸಿವಿಲ್ ಓದಿದವರಿಗೂ ಕೆಲಸವಿತ್ತು: 2006ರಲ್ಲಿ ನಮ್ಮ ಮೆಟ್ರೋಗೆ ಅಡಿಗಲ್ಲು ಬಿತ್ತು. 2014ರ ಮಾರ್ಚಿನಲ್ಲಿ ಪೀಣ್ಯದಿಂದ ಹೊರಟ ಮೊದಲ ರೈಲು ಬಂದು ನಿಂತದ್ದು ಇದೇ ಸಂಪಿಗೆ ರಸ್ತೆಯ ಹೆಸರಿನ ನಿಲ್ದಾಣದಲ್ಲಿ. ಆದರೆ ಇದನ್ನೆಲ್ಲ 2001ರಲ್ಲಿ ಪರದೆ ತೋರಿಸುತ್ತಿರಲಿಲ್ಲ. ಸಫಾರಿಯವರಿಗೂ ಗೊತ್ತಿರಲಿಲ್ಲ, ಮೇಷ್ಟರಿಗೂ ಗೊತ್ತಿರಲಿಲ್ಲ. "ಅಂದು ಸಿವಿಲ್ ತಗೊಂಡಿದ್ದರೆ" ಎಂದು ಕೊರಗುವುದರಲ್ಲಿ ನನಗೆ ಹುರುಳು ಕಾಣುವುದಿಲ್ಲ.

ಅಂದೇ ಗೊತ್ತಾಗಬಹುದಾಗಿದ್ದದ್ದು ಬೇರೆ ಇತ್ತು. ಯುವಿಸಿಇ, ಅಂದರೆ ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕಾಲೇಜು, ಕೆ.ಆರ್. ಸರ್ಕಲ್ಲಿನಲ್ಲಿತ್ತು, ಮಲ್ಲೇಶ್ವರದಿಂದ ಬಸ್ಸು ಹತ್ತಿದರೆ ಸಾಕು. ಹಿಂದಿನ ದಿನವೇ ಬಂದು ಅಲ್ಲಿನ ಮೂರನೇ ವರ್ಷದ ಹುಡುಗಿಯರನ್ನು ಕೇಳಿದ್ದರೆ, ಬಿಸಿಲು, ಗಾರೆ, ಕೆಲಸ ಎಲ್ಲದಕ್ಕೂ ಉತ್ತರ ಸಿಗುತ್ತಿತ್ತು. ಹೊಸ ಕಾಲೇಜಿಗೂ ಹೋಗಬಹುದಿತ್ತು: ಎರಡನೇ ಮಹಡಿಗೆ ಇನ್ನೂ ಸೂರಿಲ್ಲ, ಲೈಬ್ರರಿಯ ಕಪಾಟುಗಳಿಗೆ ಬೀಗ, ಪಾಠ ಮಾಡುವವರು ಹೋದ ವರ್ಷ ಬಿಇ ಮುಗಿಸಿದವರು. ಮೊದಲ ಸೆಮಿಸ್ಟರಿನ ಮೊದಲ ವಾರದಲ್ಲಿ ನೀವು ನೋಡಲಿರುವುದು ಇದನ್ನೇ. ಅಲ್ಲೂ ಓದಿ ಮೇಲೆ ಬಂದವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಯುವಿಸಿಇಗೆ ಸೇರಿದ್ದರೆ ಡಿಡಿಯ ಮಿಕ್ಕ ದುಡ್ಡು ತಮ್ಮನ ಓದಿಗೆ ಉಳಿಯುತ್ತಿತ್ತು. ಬ್ರಾಂಚಿಗಿಂತ ಕಾಲೇಜು ಮುಖ್ಯ, ಎರಡಕ್ಕಿಂತಲೂ ಮನೆಯ ಲೆಕ್ಕ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಆ ಹಾಲಿನ ನೂಕುನುಗ್ಗಲಿಲ್ಲ, ಆಪ್ಷನ್ ಎಂಟ್ರಿ ಮನೆಯಲ್ಲೇ ಕೂತು ಮಾಡುತ್ತಾರೆ. ಎಷ್ಟು ಕಾಲೇಜು ಬೇಕಾದರೂ ಪಟ್ಟಿಗೆ ಹಾಕಬಹುದು, ಮೇಲೆ ಕೆಳಗೆ ಮಾಡಬಹುದು. ಸೀಟು ಬಂದ ಮೇಲೂ ಒಪ್ಪಿ ಸೇರುವುದೋ, ಇದನ್ನು ಹಿಡಿದಿಟ್ಟುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವುದೋ ಎಂದು ಯೋಚಿಸಲು ಸಮಯವಿದೆ. ಈ ವರ್ಷ ಮಗನನ್ನೋ ಮಗಳನ್ನೋ ಆ ಪರದೆಯ ಮುಂದೆ ಕೂರಿಸುವವರು ಮೊದಲು ಪಟ್ಟಿಯ ಮೇಲಿನ ಮೂರು ಕಾಲೇಜಿಗಾದರೂ ಅವರನ್ನು ಕರೆದುಕೊಂಡು ಹೋಗಿ. ಪ್ರಿನ್ಸಿಪಾಲರ ಕೊಠಡಿಗೆ ಬೇಡ, ಕ್ಯಾಂಟೀನಿಗೆ. ಅಲ್ಲಿ ನೀವು ಕಾಫಿ ಕುಡಿಯಿರಿ, ಪ್ರಶ್ನೆಗಳನ್ನು ಅವರೇ ಕೇಳಲಿ.