ಯಾವ ಬೈರಸಂದ್ರ?

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೇಪರ್ ಬಿಡಿಸುವಷ್ಟರಲ್ಲಿ, ಕಂಪ್ಯೂಟರ್ ಮುಂದೆ ಕುಳಿತಿದ್ದ ಮಗಳು ಅಲ್ಲಿಂದಲೇ ಕೂಗಿದಳು: "ಅಪ್ಪಾ, ಬೈರಸಂದ್ರ ಅಂದ್ರೆ ನಮ್ಮನೆ ಹತ್ತಿರದ್ದೇ ಅಲ್ವಾ?"

"ಯಾವ ಬೈರಸಂದ್ರ?" ಎಂದೆ. ನನ್ನ ದನಿ ಸ್ವಲ್ಪ ಗಡುಸಾಗಿತ್ತೇನೋ, ಅವಳು ತಿರುಗಿ ನೋಡಿದಳು.

ನಾವಿರುವುದು ಸಿ.ವಿ. ರಾಮನ್ ನಗರದಲ್ಲಿ. ಈ ಹೆಸರಿನದೇ ಒಂದು ಫಜೀತಿ. ರಾಮನ್ ಅವರು 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಇಲ್ಲೇ ಇರಬೇಕೆಂದು ಹುಡುಕಿಕೊಂಡು ಬರುವವರಿದ್ದಾರೆ. ಅದು ಇರುವುದು ಊರಿನ ಇನ್ನೊಂದು ದಿಕ್ಕಿಗೆ, ಸದಾಶಿವನಗರದಲ್ಲಿ. ಸಿ.ವಿ. ರಾಮನ್ ರಸ್ತೆಯೂ ಆ ಕಡೆಯದೇ. ಊರಿಂದ ಬಂದ ನಮ್ಮ ಸೋದರಮಾವ ಒಮ್ಮೆ ಆಟೋದವನಿಗೆ "ಸಿ.ವಿ. ರಾಮನ್" ಎಂದಷ್ಟೇ ಹೇಳಿ ವಿಜ್ಞಾನ ಸಂಸ್ಥೆಯ ಗೇಟಿನ ಮುಂದೆ ಇಳಿದಿದ್ದರು. ನಮ್ಮ ಮಗ್ಗುಲಲ್ಲೇ ನಾಗವಾರಪಾಳ್ಯವಿದೆ. ಬಾಲದ ಪಾಳ್ಯವನ್ನು ಕತ್ತರಿಸಿದರೆ ಅದು ವರ್ತುಲ ರಸ್ತೆಯ ಮೇಲೆ, ಉತ್ತರದ ನಾಗವಾರವಾಗಿಬಿಡುತ್ತದೆ.

ಮಗಳ ಕೆಲಸವೇ ಇಂಥದು. ಅವಳು 'ನಾಲೆಡ್ಜ್ ಗ್ರಾಫ್' ಎನ್ನುತ್ತಾಳೆ. ನನಗೆ ಅರ್ಥವಾದ ಮಟ್ಟಿಗೆ ಅದೊಂದು ದೊಡ್ಡ ವಂಶವೃಕ್ಷ. ಜನರ ಬದಲು ಊರು, ಕೆರೆ, ತಾಲ್ಲೂಕು, ರಸ್ತೆಗಳು. ಯಾವುದು ಯಾವುದರೊಳಗಿದೆ, ಯಾವುದು ಯಾವುದರ ಪಕ್ಕದಲ್ಲಿದೆ ಎಂಬುದಕ್ಕೆ ಗೆರೆಗಳು. ಹೆಸರನ್ನು ನಂಬುವ ಹಾಗಿಲ್ಲವಾದ್ದರಿಂದ ಒಂದೊಂದಕ್ಕೂ ಒಂದು ನಂಬರು. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ನಮ್ಮ ಬೆಂಗಳೂರು ಕ್ಯೂ 1355. ಬ್ಯಾಂಗಲೋರ್ ಎನ್ನಿ, ಬೆಂಗಳೂರು ಎನ್ನಿ, ನಂಬರು ಅದೇ. ಹಲಸೂರು, ಅಲ್ಸೂರು ಎರಡನ್ನೂ ಹೀಗೆ ಒಂದೇ ಗೂಟಕ್ಕೆ ಕಟ್ಟಬಹುದು. ಕಷ್ಟವಿರುವುದು ಇದಕ್ಕೆ ತಿರುಗುಮುರುಗಾದಲ್ಲಿ: ಹೆಸರು ಒಂದು, ಊರು ಎರಡು.

"ಕಂಪ್ಯೂಟರ್ ಏನು ಮಾಡುತ್ತೆ ಗೊತ್ತಾ? ಅನುಮಾನ ಬಂದಾಗ ಹೆಸರಾದ ಊರನ್ನೇ ಹಿಡ್ಕೊಳ್ಳತ್ತೆ" ಎಂದಳು. ವಿಜಯಪುರ ಎಂದು ಓದಿದರೆ ಸೀದಾ ಗೋಳಗುಮ್ಮಟಕ್ಕೆ ಹೋಗುತ್ತದಂತೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಪಾಪ, ಅಲ್ಲೇ ಉಳಿಯುತ್ತದೆ. ಬಿಜಾಪುರಕ್ಕೆ ಸರ್ಕಾರ ವಿಜಯಪುರವೆಂದು ಹೆಸರಿಟ್ಟದ್ದು 2014ರ ನವೆಂಬರ್ 1ರಂದು. ಹಾಗಾಗಿ ಒಂದು ಬರಹದಲ್ಲಿ ಆ ಹೆಸರು ಬಂದರೆ, ಬರಹ ಯಾವ ವರ್ಷದ್ದೆಂದು ಮೊದಲು ನೋಡಬೇಕು. ರಾಮನಗರ ಜಿಲ್ಲೆಯನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಮಾಡಿದರಲ್ಲ, ಆ ಹೆಸರಿನ ಲೋಕಸಭಾ ಕ್ಷೇತ್ರ ಮೊದಲೇ ಇತ್ತು. ಮಗಳಿಗೆ ಕೆಲಸದ ಕೊರತೆ ಬಾರದೆಂದು ನನಗೆ ಸಮಾಧಾನವಾಯಿತು.

ಆದರೆ ಹೆಸರಾದ ಊರನ್ನೇ ಹಿಡಿಯುವ ತಪ್ಪನ್ನು ಕಂಪ್ಯೂಟರಿಗಿಂತ ಮೊದಲು ನಾನೇ ಮಾಡಿದ್ದೇನೆ.

1988ರ ಮಾತು. ಆಗ ನಾವು ಬಸವನಗುಡಿಯಲ್ಲಿ ಬಾಡಿಗೆಗಿದ್ದೆವು. ಒಂದು ಬೆಳಿಗ್ಗೆ ಆಫೀಸಿಗೆ ಫೋನ್ ಬಂತು. ನಾನು ಸೀಟಿನಲ್ಲಿರಲಿಲ್ಲ, ಫೋನ್ ತೆಗೆದುಕೊಂಡವರು ಚೀಟಿ ಬರೆದಿಟ್ಟಿದ್ದರು. ಕಾಲೇಜಿನ ಗೆಳೆಯನ ತಂದೆ ತೀರಿಕೊಂಡಿದ್ದಾರೆ, ಮನೆ ಬೈರಸಂದ್ರ, ಕೆರೆ ಹತ್ತಿರ. ಅವರು ಮನೆ ಬದಲಾಯಿಸಿ ತಿಂಗಳಾಗಿತ್ತು, ನಾನಿನ್ನೂ ಹೋಗಿರಲಿಲ್ಲ. ಹಳ್ಳಿಯಿಂದ ಬಂದು ಓದುತ್ತಿದ್ದ ನನಗೆ ವಾರಕ್ಕೆರಡು ದಿನ ಅವರ ಮನೆಯಲ್ಲೇ ಊಟ. ಕೊನೆಯ ವರ್ಷದ ಪರೀಕ್ಷೆ ಫೀಜನ್ನು ಆ ಹಿರಿಯರು ನನ್ನ ಜೇಬಿಗೆ ತುರುಕಿ, "ಊರಿಗೆ ಬರೀಬೇಡ" ಎಂದಿದ್ದರು.

ಬಸವನಗುಡಿಯವನಿಗೆ ಬೈರಸಂದ್ರವೆಂದರೆ ಜಯನಗರದ ಪೂರ್ವಕ್ಕಿರುವುದು ತಾನೆ? ಓಡಿದೆ. ಕೆರೆಯೂ ಸಿಕ್ಕಿತು. ಕೆರೆ ಕಂಡ ಮೇಲೆ ಅನುಮಾನವೇ ಉಳಿಯಲಿಲ್ಲ. ಸಾವಿನ ಮನೆ ಎಲ್ಲಿ ಎಂದು ಬೀದಿ ಬೀದಿ ಕೇಳಿದೆ. ಒಂದೂವರೆ ಗಂಟೆಯ ಮೇಲೆ ಒಬ್ಬ ಬೀಡಾ ಅಂಗಡಿಯವನು, "ಸ್ವಾಮಿ, ಎಚ್‌ಎಎಲ್ ಆಚೆಗೂ ಒಂದು ಬೈರಸಂದ್ರ ಐತೆ, ಅಲ್ಲಿರಬೋದು ನೋಡಿ" ಎಂದ. ಎರಡು ಬಿಟಿಎಸ್ ಬಸ್ಸು ಬದಲಾಯಿಸಿ ಇಲ್ಲಿಗೆ, ಈಗ ನಾನು ದಿನಾ ತರಕಾರಿಗೆ ಬರುವ ಇದೇ ಬೀದಿಗೆ ಬಂದಾಗ, ಮನೆಯ ಮುಂದೆ ನೀರು ಹಾಕಿ ತೊಳೆದಿದ್ದರು. ಮುಖ ನೋಡಲಾಗಲಿಲ್ಲ.

ಇಲ್ಲೂ ಕೆರೆ ಇತ್ತು. ಇರಲೇಬೇಕಲ್ಲ! 'ಸಂದ್ರ' ಎಂದರೆ ಸಮುದ್ರ. ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದರು. ಬೈರಸಂದ್ರ, ತಿಪ್ಪಸಂದ್ರ, ಬೊಮ್ಮಸಂದ್ರಗಳೆಲ್ಲ ಹಾಗೆ ಆದವು. ಬೈರಸಂದ್ರಕ್ಕೆ ಗುರುತಾಗಿ "ಕೆರೆ ಹತ್ತಿರ" ಎಂದರೆ ಹೆಸರನ್ನೇ ಎರಡು ಸಲ ಹೇಳಿದಂತೆ. ಆ ಚೀಟಿಯಲ್ಲಿ "ಎಚ್‌ಎಎಲ್ ಕಡೆ" ಎಂಬ ಎರಡು ಪದವಿದ್ದಿದ್ದರೆ ಸಾಕಿತ್ತು. 560011, 560093 ಎಂಬ ಪಿನ್‌ಕೋಡೂ ಸಾಕು. ಆದರೆ ಸಾವಿನ ಸುದ್ದಿಗೆ ಯಾರು ಪಿನ್‌ಕೋಡ್ ಹೇಳುತ್ತಾರೆ? ನಮ್ಮ ಹಳ್ಳಿಯಲ್ಲಿ ಅಪರಿಚಿತರು ಬಂದರೆ ಅಜ್ಜಿ ಹೆಸರು ಕೇಳುತ್ತಿರಲಿಲ್ಲ, "ಯಾರ ಪೈಕಿ?" ಎನ್ನುತ್ತಿದ್ದಳು. ನಾನು ಒಂದು ಮರುಫೋನ್ ಮಾಡಿ ಅಷ್ಟು ಕೇಳಬಹುದಿತ್ತು.

ಇದನ್ನೆಲ್ಲ ಮಗಳಿಗೆ ಹೇಳಿರಲೇ ಇಲ್ಲ. ಕೇಳಿ ಸುಮ್ಮನಿದ್ದಳು. ಆಮೇಲೆ ತನ್ನ ಮುಂದಿದ್ದ ವಾಕ್ಯ ಓದಿದಳು: ಬೈರಸಂದ್ರ ಕೆರೆಯ ಹೂಳೆತ್ತಬೇಕೆಂದು ನಿವಾಸಿಗಳ ಒತ್ತಾಯ. ಅಷ್ಟೇ, ಮುಂದೆ ಹಿಂದೆ ಏನೂ ಇಲ್ಲ.

"ಯಾವುದಂತ ಹಾಕ್ತೀಯ?"

"ಗೊತ್ತಿಲ್ಲ ಅಂತ ಬಿಡೋದಕ್ಕೂ ಒಂದು ಜಾಗ ಇದೆ ಅಪ್ಪಾ. ಸುಳಿವು ಸಿಕ್ಕಾಗ ನೋಡಿದರಾಯ್ತು."

ಕಳೆದ ತಿಂಗಳು ಆ ಗೆಳೆಯನೇ ಮಗನ ಗೃಹಪ್ರವೇಶದ ಪತ್ರಿಕೆ ಕಳಿಸಿದ್ದ. ಬೈರಸಂದ್ರದಲ್ಲೇ. ಅಚ್ಚಾದ ವಿಳಾಸದಲ್ಲಿ ಅಡ್ಡರಸ್ತೆ, ಪಿನ್‌ಕೋಡ್ ಎಲ್ಲ ಸರಿಯಾಗಿಯೇ ಇತ್ತು. ಆದರೂ ಅದರ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಬರೆದಿದ್ದ: "ಜಯನಗರದ್ದಲ್ಲ ಮಾರಾಯ."