ತಡವಾಗಿ ಚಾಚಿದ ಕೈ

ಚಾಳಿನ ಅಂಗಳದಲ್ಲಿ ಚಿನ್ನಿದಾಂಡು ಆಡುತ್ತಿದ್ದ ನಮ್ಮ ಬಾಲ್ಯದಲ್ಲಿ ಅಂಪೈರನೆಂಬ ಪ್ರಾಣಿಯೇ ಇರಲಿಲ್ಲ. ಯಾರ ಗಂಟಲು ದೊಡ್ಡದೋ ಅವರದೇ ನ್ಯಾಯ. ಜಗಳ ಮಿತಿಮೀರಿದಾಗ ಮೇಲಿನ ಮಾಳಿಗೆಯಿಂದ ಯಾರಾದರೊಬ್ಬ ಅಜ್ಜಿ ಒಂದು ಚೊಂಬು ನೀರು ಸುರಿದು ಆಟವನ್ನೇ ಮುಗಿಸಿಬಿಡುತ್ತಿದ್ದರು. ಅಂಥ ಅಂಗಳದಲ್ಲಿ ಬೆಳೆದ ನಾನು ಮುಂದೆ ಅಂಪೈರನಾದೆನೆಂಬುದು, ಅದೂ ಸಾಫ್ಟ್‌ಬಾಲ್ ಆಟಕ್ಕೆ, ಹಳೆಯ ಗೆಳೆಯರಿಗೆ ಇಂದಿಗೂ ನಗೆಯ ವಿಷಯ. ಈ ಶಾಲೆಯ ಹಳೆಯ ವಿದ್ಯಾರ್ಥಿಯೆಂಬ ಸಲುಗೆಯಿಂದ, ಆ ಕೆಲಸದಲ್ಲಿ ನನ್ನಿಂದಾದ ಒಂದು ತಪ್ಪನ್ನು ಕಿರಿಯರಾದ ನಿಮ್ಮೆದುರು ಅರಿಕೆ ಮಾಡಿಕೊಳ್ಳುತ್ತೇನೆ.

ಸಾಫ್ಟ್‌ಬಾಲ್ ಹುಟ್ಟಿದ್ದು ೧೮೮೭ರಲ್ಲಿ, ಅಮೆರಿಕದ ಷಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ. ಕುಳಿತು ಬೇಸರಗೊಂಡ ಯುವಕರಲ್ಲಿ ಒಬ್ಬನು ಹುಡುಗಾಟಕ್ಕೆಂದು ಬಾಕ್ಸಿಂಗ್ ಗ್ಲೌಸನ್ನು ಎಸೆದನಂತೆ. ಇನ್ನೊಬ್ಬನು ಅದನ್ನು ಕೋಲಿನಿಂದ ಹೊಡೆದನಂತೆ. ಜಾರ್ಜ್ ಹ್ಯಾನ್‌ಕಾಕ್ ಎಂಬಾತನು ಆ ಹುಡುಗಾಟಕ್ಕೆ ನಿಯಮಗಳನ್ನು ಕಟ್ಟಿಕೊಟ್ಟನು. ಹುಡುಗಾಟವು ಆಟವಾಗಬೇಕಾದರೆ ನಿಯಮ ಬೇಕೇಬೇಕಷ್ಟೆ!

ಈ ಆಟದ ಜೀವವೆಲ್ಲ ಚೆಂಡೆಸೆಯುವವಳ ಕೈಯಲ್ಲಿದೆ; ಅವಳನ್ನು ಪಿಚರ್ ಎನ್ನುತ್ತಾರೆ. ಅವಳು ಭುಜದ ಮೇಲಿನಿಂದ ಎಸೆಯುವಂತಿಲ್ಲ. ತೋಳನ್ನು ರಾಟೆಯಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಕೆಳಗಿನಿಂದ ಚೆಂಡನ್ನು ಬಿಡಬೇಕು. ಅವಳ ಕಾಲ ಬಳಿ ನೆಲದಲ್ಲಿ ಹುದುಗಿಸಿದ ಬಿಳಿಯ ಪಟ್ಟಿಯೊಂದಿರುತ್ತದೆ. ೨೪ ಅಂಗುಲ ಉದ್ದ, ೬ ಅಂಗುಲ ಅಗಲ. ಅಲ್ಲಿಂದ ಬ್ಯಾಟುಗಾರ್ತಿಯ ಮುಂದಿನ ಹೋಮ್ ಪ್ಲೇಟಿಗೆ ೪೩ ಅಡಿ. ಗಂಟೆಗೆ ೬೦ ಮೈಲಿ ವೇಗದ ಚೆಂಡು ಆ ದೂರವನ್ನು ಅರ್ಧ ಸೆಕೆಂಡು ತುಂಬುವ ಮೊದಲೇ ದಾಟುತ್ತದೆ. ಆದುದರಿಂದಲೇ ಪಿಚರಳ ಪಾದದ ಮೇಲೆ ಇಷ್ಟೊಂದು ಕಾವಲು. ಒಂದು ಕಾಲನ್ನು ಮುಂದಿಡುವಾಗ ಹಿಂದಿನ ಕಾಲು ನೆಲವನ್ನು ಬಿಡದೆ ಎಳೆದುಕೊಂಡು ಬರಬೇಕೆಂಬುದು ನಾನು ಕಲಿತ ನಿಯಮ. ಎರಡು ಕಾಲುಗಳೂ ಏಕಕಾಲಕ್ಕೆ ಗಾಳಿಗೇರಿದರೆ ಅದು ನೆಗೆತ. ಹಿಂದಿನ ಕಾಲನ್ನು ಪಟ್ಟಿಯ ಮುಂದೆ ಮತ್ತೆ ಊರಿ, ಆ ಹೊಸ ಜಾಗದಿಂದ ನೆಲವನ್ನೊದ್ದು ಎಸೆದರೆ ಅದಕ್ಕೆ ‘ಕ್ರೋ ಹಾಪ್’, ಅಂದರೆ ಕಾಗೆಯ ಕುಪ್ಪಳಿಕೆ ಎಂದು ಹೆಸರು. ಆಗ ಎರಡೂ ಅಕ್ರಮವಾಗಿದ್ದವು. ತಪ್ಪು ಕಂಡೊಡನೆ ಅಂಪೈರನು ಎಡಗೈಯನ್ನು ಪಕ್ಕಕ್ಕೆ ನೇರವಾಗಿ ಚಾಚಬೇಕು.

೨೦೧೧ರಲ್ಲಿ ಮುಂಬಯಿಯ ಒಂದು ಮೈದಾನದಲ್ಲಿ ಹುಡುಗಿಯರ ಎರಡು ಕಾಲೇಜು ತಂಡಗಳ ನಡುವೆ ಅಂತಿಮ ಪಂದ್ಯ ನಡೆಯಿತು. ನಾನು ಬೇಸುಗಳ ಕಡೆಯ ಅಂಪೈರ್. ಪಿಚರಳ ಪಾದ ಚೆನ್ನಾಗಿ ಕಾಣುವ ಸ್ಥಾನದಲ್ಲಿದ್ದೆ. ಒಂದು ತಂಡದ ಪಿಚರ್ ತೆಳ್ಳನೆಯ, ಮೌನಿಯಾದ ಹುಡುಗಿ. ಮೊದಲನೆಯ ಇನ್ನಿಂಗ್ಸಿನಲ್ಲಿಯೇ ನನಗೆ ಕಂಡಿತು: ಬಲವಾಗಿ ಎಸೆಯುವಾಗಲೆಲ್ಲ ಅವಳ ಹಿಂದಿನ ಪಾದ ನೆಲದಿಂದ ನಾಲ್ಕು ಬೆರಳು ಮೇಲಕ್ಕೇಳುತ್ತಿತ್ತು. ಕೈ ಚಾಚಬೇಕಾಗಿತ್ತು, ಚಾಚಲಿಲ್ಲ. ‘ಪಾಪ, ಚಿಕ್ಕ ಹುಡುಗಿ. ಆಟ ಈಗ ತಾನೆ ಆರಂಭವಾಗಿದೆ. ಸುಮ್ಮನೆ ರಸಭಂಗವೇಕೆ?’ ಎಂದುಕೊಂಡೆ. ಎರಡನೆಯ ಇನ್ನಿಂಗ್ಸಿನಲ್ಲಿಯೂ ಹಾಗೆಯೇ ಅಂದುಕೊಂಡೆ. ಬಳಿಕ ಅಂದುಕೊಳ್ಳುವುದನ್ನೂ ಬಿಟ್ಟೆ. ಕಣ್ಣಿಗೆ ಅದು ರೂಢಿಯಾಗಿಬಿಟ್ಟಿತು.

ಏಳನೆಯ ಇನ್ನಿಂಗ್ಸು ಬಂದಿತು. ಈ ಆಟದಲ್ಲಿ ಅದೇ ಕಡೆಯದು. ಎರಡೂ ತಂಡಗಳ ಓಟಗಳು ಸಮ. ಎದುರಾಳಿಯ ಹುಡುಗಿಯೊಬ್ಬಳು ಮೂರನೆಯ ಬೇಸಿನಲ್ಲಿ ಕಾಲೂರಿ ನಿಂತಿದ್ದಳು; ಅವಳು ಮನೆ ಮುಟ್ಟಿದರೆ ಪಂದ್ಯ ಮುಗಿದಂತೆ. ಅಷ್ಟರಲ್ಲಿ ಅವರ ತರಬೇತುದಾರರು ಎದ್ದು ನಿಂತು, “ಕಾಲು ನೋಡಿ! ಅವಳ ಕಾಲು ನೋಡಿ!” ಎಂದು ಗಟ್ಟಿಯಾಗಿ ಕೂಗಿದರು. ಅವರ ಹಿಂದೆ ಕುಳಿತವರೆಲ್ಲ ದನಿಗೂಡಿಸಿದರು. ಮುಂದಿನ ಎಸೆತದಲ್ಲಿ ಪಾದ ಎಂದಿನಂತೆ ನಾಲ್ಕು ಬೆರಳು ಮೇಲೆದ್ದಿತು. ನನ್ನ ಎಡಗೈ ತಾನಾಗಿಯೇ ಚಾಚಿಕೊಂಡಿತು. ಆಗಿನ ನಿಯಮದಂತೆ ಅಕ್ರಮ ಎಸೆತಕ್ಕೆ ಬೇಸಿನಲ್ಲಿದ್ದವರು ಒಂದು ಬೇಸು ಮುಂದೆ ಹೋಗಬೇಕು. ಮೂರನೆಯ ಬೇಸಿನ ಹುಡುಗಿ ಓಡಲಿಲ್ಲ; ನಡೆದುಕೊಂಡೇ ಬಂದು ಮನೆ ಮುಟ್ಟಿದಳು.

ಜಯಘೋಷದ ನಡುವೆ ಪಿಚರ್ ನನ್ನ ಬಳಿಗೆ ಬಂದಳು. ಅಳಲಿಲ್ಲ, ಜಗಳವಾಡಲಿಲ್ಲ. ಮರಾಠಿಯಲ್ಲಿ ಇಷ್ಟೇ ಕೇಳಿದಳು: “ಸರ್, ಬೆಳಗಿನಿಂದಲೂ ನಾನು ಹೀಗೆಯೇ ಎಸೆದೆ. ತಪ್ಪಾಗಿದ್ದರೆ ಆಗಲೇ ಏಕೆ ಹೇಳಲಿಲ್ಲ? ತಿದ್ದಿಕೊಳ್ಳುತ್ತಿದ್ದೆ.” ಚೆಂಡನ್ನು ನನ್ನ ಕೈಯಲ್ಲಿರಿಸಿ ಹೊರಟುಹೋದಳು. ನಿಯಮದ ಪುಸ್ತಕವೆಲ್ಲ ಬಾಯಿಪಾಠವಾಗಿದ್ದ ನನಗೆ ಆ ಪ್ರಶ್ನೆಗೆ ಉತ್ತರ ತೋಚಲಿಲ್ಲ.

ಕಾಲ ಕಳೆಯಿತು. ೨೦೨೩ರಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್.ಸಿ.ಎ.ಎ. ತನ್ನ ಸಾಫ್ಟ್‌ಬಾಲ್ ನಿಯಮವನ್ನು ತಿದ್ದಿತು. ೨೦೨೪ರ ಪಂದ್ಯಗಳಿಂದ ಅಲ್ಲಿನ ಪಿಚರಳ ಎರಡು ಕಾಲುಗಳೂ ಗಾಳಿಯಲ್ಲಿದ್ದರೆ ತಪ್ಪಿಲ್ಲ; ಕಾಗೆಯ ಕುಪ್ಪಳಿಕೆ ಮಾತ್ರ ಅಕ್ರಮವಾಗಿಯೇ ಉಳಿಯಿತು. ಸುದ್ದಿ ತಿಳಿದ ಗೆಳೆಯರೊಬ್ಬರು, “ನೋಡಿದಿರಾ? ಆ ಹುಡುಗಿಯದು ತಪ್ಪೇ ಆಗಿರಲಿಲ್ಲ!” ಎಂದು ನನ್ನನ್ನು ಕೆಣಕಿದರು. ನಾನು ಒಪ್ಪಲಿಲ್ಲ. ಅಂದಿನ ಪಂದ್ಯಕ್ಕೆ ಅಂದಿನ ನಿಯಮವೇ ನಿಯಮ. ಮುಂದೆಂದೋ, ಎಲ್ಲಿಯೋ ಬದಲಾದೀತೆಂದು ಊಹಿಸಿ ತೀರ್ಪು ಕೊಡಲು ಅಂಪೈರನೇನು ಜ್ಯೋತಿಷಿಯೇ? ಪಾದ ಎದ್ದದ್ದು ನಿಜ, ಅದು ಅಕ್ರಮವಾಗಿದ್ದುದೂ ನಿಜ.

ಹಾಗಾದರೆ ನನ್ನ ತಪ್ಪೆಲ್ಲಿ? ಏಳನೆಯ ಇನ್ನಿಂಗ್ಸಿನ ತೀರ್ಪಿನಲ್ಲಲ್ಲ. ಮೊದಲನೆಯ ಇನ್ನಿಂಗ್ಸಿನ ಮೌನದಲ್ಲಿ. ಅಂದು ನಾನು ದಯೆಯೆಂದು ಭಾವಿಸಿದ್ದು ದಯೆಯಾಗಿರಲಿಲ್ಲ, ಅಂಜಿಕೆಯಾಗಿತ್ತು. ಆಗಲೇ ಕೈ ಚಾಚಿದ್ದರೆ ಹುಡುಗಿ ಸ್ವಲ್ಪ ಮುನಿಯುತ್ತಿದ್ದಳು; ಆದರೆ ತಿದ್ದಿಕೊಳ್ಳಲು ಅವಳಿಗೆ ಆರು ಇನ್ನಿಂಗ್ಸುಗಳು ಉಳಿದಿರುತ್ತಿದ್ದವು. ಅವನ್ನು ಅವಳಿಂದ ಕಸಿದುಕೊಂಡವನು ನಾನು. ಅದಕ್ಕಿಂತ ನಾಚಿಕೆಯ ಮಾತೊಂದಿದೆ: ಕಡೆಗೆ ನನ್ನ ಕೈಯನ್ನು ಎತ್ತಿಸಿದ್ದು ನನ್ನ ಕಣ್ಣಲ್ಲ, ಇನ್ನೊಬ್ಬರ ಕೂಗು. ಯಾರ ಗಂಟಲು ದೊಡ್ಡದೋ ಅವರದೇ ನ್ಯಾಯ ಎಂಬ ಚಾಳಿನ ಅಂಗಳಕ್ಕೆ ನಾನು ಮರಳಿ ಬಂದಿದ್ದೆ!

ಅಂದಿನಿಂದ ಒಂದು ವ್ರತ ಹಿಡಿದಿದ್ದೇನೆ. ಪಂದ್ಯ ಎಂಥದೇ ಇರಲಿ, ಮೊದಲ ತಪ್ಪಿಗೇ ಕೈ ಚಾಚುತ್ತೇನೆ, ಎರಡು ತಂಡಕ್ಕೂ ಸಮನಾಗಿ. ಮೊದಲು ಎಲ್ಲರೂ ಗೊಣಗುತ್ತಾರೆ. ಎರಡು ಇನ್ನಿಂಗ್ಸು ಕಳೆಯುವುದರೊಳಗೆ ಪಾದಗಳು ನೆಲಕ್ಕಿಳಿಯುತ್ತವೆ, ಗೊಣಗೂ ಇಳಿಯುತ್ತದೆ.

ಕಿರಿಯ ಗೆಳೆಯರೇ, ನಿಮ್ಮಲ್ಲಿ ಕೆಲವರು ತರಗತಿಯ ಮುಖಂಡರು. ಕೆಲವರು ಮುಂದೆ ಉಪಾಧ್ಯಾಯರೋ ಅಧಿಕಾರಿಗಳೋ ಆಗುವಿರಿ. ಇನ್ನೊಬ್ಬರ ತಪ್ಪು ಹೇಳುವ ಕೆಲಸ ಒಂದಲ್ಲ ಒಂದು ದಿನ ನಿಮ್ಮ ಪಾಲಿಗೂ ಬಂದೀತು. ಆಗ ಬೇಗ ಹೇಳಿರಿ, ಮೆತ್ತಗೆ ಹೇಳಿರಿ, ಎಲ್ಲರಿಗೂ ಒಂದೇ ತೆರನಾಗಿ ಹೇಳಿರಿ. ಆ ಹುಡುಗಿ ಈಗ ಎಲ್ಲಿರುವಳೋ ಅರಿಯೆ. ಎಲ್ಲಿಯೇ ಇರಲಿ, ಅಂದು ಅವಳಿಗೆ ಕೊಡಲಾಗದ ಉತ್ತರವನ್ನು ಇಂದು ನಿಮಗೆ ಕೊಟ್ಟಿದ್ದೇನೆ.