ಒಂದೇ ಕ್ಯಾನ್

ನಮ್ಮೂರಲ್ಲಿ ಬಿಯರ್‌ಗೆ ಎರಡೇ ಜಾತಿ. ಮೈಲ್ಡ್, ಸ್ಟ್ರಾಂಗ್. ರುಚಿ ಹೇಗಿದೆ ಅಂತ ಯಾರೂ ಕೇಳಲ್ಲ, ‘ಏರುತ್ತಾ?’ ಅಂತ ಕೇಳ್ತಾರೆ. ತಿಪಟೂರು ಪಕ್ಕದ ಅಂಥ ಹಳ್ಳಿಯಿಂದ ಆನ್‌ಸೈಟ್ ಅಂತ ಅಮೆರಿಕದ ಬಾಸ್ಟನ್ ಹತ್ತಿರ ಬಂದ ನಾನು, ಎರಡೇ ವರ್ಷದಲ್ಲಿ ಬಿಯರ್‌ಗೆ ಮಾರ್ಕ್ಸ್ ಕೊಡೋ ಮೇಷ್ಟ್ರಾಗಿದ್ದೆ.

ಹುಚ್ಚು ಹಿಡಿದಿದ್ದು ಪಕ್ಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿ ಜ್ಯಾಕ್ಸ್ ಆ್ಯಬಿ ಅಂತ ಬ್ರೂವರಿ ಇದೆ, ಮೂವರು ಅಣ್ಣತಮ್ಮಂದಿರು 2011ರಲ್ಲಿ ಶುರು ಮಾಡಿದ್ದು. ಉಳಿದವರೆಲ್ಲ ಏಲ್ ಹಿಂದೆ ಬಿದ್ದಿದ್ದಾಗ ಇವರು ಲಾಗರ್ ಹಿಡಿದರು. ಏಲ್ ಯೀಸ್ಟ್ ಬೆಚ್ಚಗಿದ್ದರೆ ಬೇಗ ಕೆಲಸ ಮುಗಿಸಿ ಹಣ್ಣಿನ ವಾಸನೆ ಬಿಡುತ್ತೆ. ಲಾಗರ್ ಯೀಸ್ಟ್‌ಗೆ 10 ಡಿಗ್ರಿ ಆಸುಪಾಸಿನ ತಂಪು ಬೇಕು, ಆಮೇಲೂ ವಾರಗಟ್ಟಲೆ ಇನ್ನೂ ತಣ್ಣಗೆ ಮಲಗಿಸಬೇಕು. ಜರ್ಮನ್‌ನಲ್ಲಿ ‘ಲಾಗರ್’ ಅಂದರೆ ಉಗ್ರಾಣ. ಹಾಗೆ ಕಾದು ಬಂದ ಬಿಯರ್ ತಿಳಿಯಾಗಿರುತ್ತೆ, ಅದಕ್ಕೆ ಹಾಪ್ಸ್ ಹೂವು ಧಾರಾಳವಾಗಿ ಹಾಕಿದರೆ ಕಹಿ, ಪರಿಮಳ ಎರಡೂ ಎದ್ದು ಕಾಣುತ್ತೆ. ಇವರ ಹೋಪೋನಿಯಸ್ ಯೂನಿಯನ್ ಅಂಥ ‘ಇಂಡಿಯಾ ಪೇಲ್ ಲಾಗರ್’, 6.5 ಪರ್ಸೆಂಟ್. (ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿ ನಮ್ಮ ಕಡೆ ಬರ್ತಿದ್ದ ಏಲ್‌ನಿಂದ ಬಂದ ಹೆಸರು. ನನ್ನ ಹಾಗೇ, ಪಾಸ್‌ಪೋರ್ಟ್‌ನಲ್ಲಿ ಮಾತ್ರ ಇಂಡಿಯಾ.)

ಸ್ಪರ್ಧೆಗಳಲ್ಲಿ ಜಡ್ಜ್‌ಗಳು ಬಳಸೋ ಬಿಜೆಸಿಪಿ ಶೀಟ್ ಪ್ರಿಂಟ್ ಹಾಕಿಸಿ ಇಟ್ಕೊಂಡಿದ್ದೆ. ಒಟ್ಟು 50 ಮಾರ್ಕ್ಸ್: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನಿಸುತ್ತೆ ಅನ್ನೋದಕ್ಕೆ 5, ಒಟ್ಟಾರೆ 10.

ಆ ಶನಿವಾರ ಗೆಳೆಯನ ಮನೇಲಿ ಊಟ. ನಾನು ತಗೊಂಡು ಹೋಗಿದ್ದು 8 ಪರ್ಸೆಂಟ್‌ನ ಡಬಲ್ ಇಂಡಿಯಾ ಪೇಲ್ ಲಾಗರ್. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟೆ, ತೀರಾ ತಣ್ಣಗಿದ್ದರೆ ಮೂಗಿಗೆ ಏನೂ ಸಿಗಲ್ಲ. ಜೇನಿನ ಬಣ್ಣ, ದಪ್ಪ ಬಿಳಿ ನೊರೆ. ಮೊದಲು ಚಕ್ಕೋತದ ಸಿಪ್ಪೆ ಸುಲಿದ ವಾಸನೆ, ಹಿಂದೆಯೇ ಮಳೆ ನಿಂತ ಮೇಲಿನ ನೀಲಗಿರಿ ತೋಪು. ಬಾಯಿಗಿಟ್ಟರೆ ಬ್ರೆಡ್ಡಿನ ಅಂಚಿನಂಥ ಮಾಲ್ಟ್ ಸಿಹಿ, ಆಮೇಲೆ ಕಹಿ. ಹಾಗಲಕಾಯಿ ಕಹಿ ಅಲ್ಲ. ಚಕ್ಕೋತದ ತೊಳೆಯನ್ನ ಬಿಳಿ ಪೊರೆ ಸಮೇತ ಅಗಿದರೆ ನಾಲಿಗೆ ಹಿಂದೆ ಒಂದು ಕಹಿ ನಿಂತ್ಕೊಳ್ಳುತ್ತಲ್ಲ, ಅದು. 8 ಪರ್ಸೆಂಟ್ ಅಂತ ಗಂಟಲಿಗೆ ಗೊತ್ತೇ ಆಗಲ್ಲ. ‘ಆಲ್ಕೋಹಾಲ್ ಸೊಗಸಾಗಿ ಮುಚ್ಚಿಟ್ಟಿದ್ದಾರೆ’ ಅಂತ ಬರೆದು 42 ಕೊಟ್ಟೆ.

ಹೊರಡುವಾಗ ಕಾರ್ ಕೀ ಎತ್ಕೊಂಡೆ. ಮಗಳು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

“ಎಷ್ಟು ಕುಡ್ದೆ?”

“ಒಂದೇ ಕಣೇ.”

ಹೇಳಿದ ತಕ್ಷಣ ಚಿಕ್ಕಪ್ಪ ನೆನಪಾದರು. ಚಿಕ್ಕಮ್ಮನಿಗೆ ಅವರು ಹೇಳ್ತಿದ್ದದ್ದೂ ಇಷ್ಟೇ, “ಒಂದೇ ಕ್ವಾರ್ಟರ್ ಕಣೇ.” ಅದು ಸುಳ್ಳಲ್ಲ. ಒಂದೇ. ದಿನಾ. 46ಕ್ಕೆ ಲಿವರ್ ಹೋಯ್ತು. ನಾನಾಗ ಸೆಕೆಂಡ್ ಪಿಯು.

“ಲೆಕ್ಕ ಹಾಕು” ಅಂದಳು. ಅವಳೂ ಇಂಜಿನಿಯರ್ರೇ. 473 ಎಂಎಲ್ ಕ್ಯಾನ್, 8 ಪರ್ಸೆಂಟ್ ಅಂದರೆ ಸುಮಾರು 38 ಎಂಎಲ್ ಆಲ್ಕೋಹಾಲ್, ತೂಕದಲ್ಲಿ 30 ಗ್ರಾಂ. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ. ನನ್ನ ‘ಒಂದೇ’ ಎರಡು ದಾಟಿತ್ತು. ಕೀ ಕೊಟ್ಟೆ. ಅವಳಿಗೆ ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಗಿತ್ತಷ್ಟೆ, ಹೈವೇ ಅಂದರೆ ಭಯ. ಸ್ಟೀರಿಂಗ್ ಬಿಗಿಯಾಗಿ ಹಿಡಿದು ಓಡಿಸಿದಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಮನೆಗೆ ಬಂದು ಶೀಟ್‌ಗಳನ್ನ ಹರಡಿಕೊಂಡು ಕೂತೆ. ಹನ್ನೊಂದು ತಿಂಗಳಲ್ಲಿ 187. ತಾರೀಕುಗಳನ್ನ ಎಕ್ಸೆಲ್‌ಗೆ ಹಾಕಿದೆ, ಚಟ ನೋಡಿ. ಮೊದಮೊದಲು ಬರೀ ಶನಿವಾರ. ಆಮೇಲೆ ಶುಕ್ರವಾರ ಸೇರಿತು. ಕೊನೆಯ ಎರಡು ತಿಂಗಳಲ್ಲಿ ಸೋಮವಾರ, ಮಂಗಳವಾರ, ಬುಧವಾರ. ಒಂದೊಂದು ಶೀಟ್‌ನಲ್ಲೂ ಎಷ್ಟು ನಾಜೂಕಾಗಿ ಬರೆದಿದ್ದೀನಿ ಅಂದರೆ, ಓದಿದವರು ಇದನ್ನ ಕುಡಿತ ಅನ್ನೋಕೆ ಸಾಧ್ಯವೇ ಇಲ್ಲ. ಚಿಕ್ಕಪ್ಪನ ಹತ್ತಿರ ಇಂಥ ಶೀಟ್ ಇರಲಿಲ್ಲ.

ಈಗ ತಿಂಗಳಿಗೆ ಎರಡು, ಅದೂ ಅವಳ ಜೊತೆ ಅರ್ಧರ್ಧ. ಸುಲಭ ಅಂತ ಹೇಳಲ್ಲ, ಬುಧವಾರ ಸಂಜೆ ಇನ್ನೂ ಕಷ್ಟ. ಆ ಬಿಯರ್‌ಗೆ ಕೊಟ್ಟ 42 ಮಾತ್ರ ತಿದ್ದಿಲ್ಲ, ಚೆನ್ನಾಗೇ ಇತ್ತು. ಅದರದ್ದೇ ಮೂರು ಕ್ಯಾನ್ ಫ್ರಿಜ್‌ನಲ್ಲಿ ಉಳಿದಿವೆ. ಹಾಪ್ಸ್ ಪರಿಮಳ ದಿನ ಕಳೆದಷ್ಟೂ ಇಳಿಯುತ್ತೆ, ಬೇಗ ಕುಡಿದು ಮುಗಿಸಬೇಕು ಅಂತಾರೆ. ಇಳೀಲಿ ಬಿಡಿ.